ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮನೆತನದ ಹುಡುಕಾಟಕ್ಕೆ ಚಂದಾ ಕಟ್ಟುವುದೋ, ದಫ್ತರ ಬಿಚ್ಚಿಸುವುದೋ?

ವಂಶಾವಳಿ ಹುಡುಕುವ ಬಗ್ಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ನಮ್ಮ ಮೂಲ ರೋಣ ತಾಲೂಕಿನ ಒಂದು ಹಳ್ಳಿ, ಒಕ್ಕಲುತನದ ಮನೆ. ಅಮೆರಿಕದಾಗಿರೋ ಮಗ ‘ಆನ್‌ಸೆಸ್ಟ್ರಿಗೋ ಮೈಹೆರಿಟೇಜಿಗೋ ಒಂದ್ ವರ್ಷದ ಚಂದಾ ಕಟ್ಟತೇನಿ, ಕುಂತಲ್ಲೇ ಹುಡುಕ್ರಿ, ಲೈಬ್ರರಿ ತಿರುಗೋದು ತಪ್ಪತೈತಿ’ ಅಂತಾನ. ಕಟ್ಟಿಸಲೋ ಬ್ಯಾಡೋ?
– ವಿದ್ಯಾನಗರ, ಹುಬ್ಬಳ್ಳಿ

ಸದ್ಯಕ್ಕೆ ಬೇಡ. ಹಣ ಪಡೆದು ವಂಶಾವಳಿ ಹುಡುಕಿಸುವ ಆ ಅಂತರ್ಜಾಲ ತಾಣಗಳನ್ನು ತೆಗಳುವ ಕಾರಣವಿಲ್ಲ. ಆದರೆ ಅವುಗಳ ಬಂಡವಾಳ ಏನೆಂದು ನೋಡಿ: ಅಮೆರಿಕ, ಬ್ರಿಟನ್ನಿನ ಮನೆಮನೆಯ ಜನಗಣತಿ ಹಾಳೆ, ಚರ್ಚಿನ ದೀಕ್ಷಾಸ್ನಾನ-ಮದುವೆ-ಸಮಾಧಿ ಪುಸ್ತಕ, ಹಡಗಿನ ಪ್ರಯಾಣಿಕರ ಪಟ್ಟಿ, ಸೈನ್ಯದ ಕಡತ. ಬ್ರಿಟನ್ ತನ್ನ 1921ರ ಗಣತಿಯ ಮನೆ ಹಾಳೆಗಳನ್ನು ನೂರು ವರ್ಷ ಮುಚ್ಚಿಟ್ಟು 2022ರಲ್ಲಿ ಜನರಿಗೆ ತೆರೆಯಿತು. ನಮ್ಮ ಗಣತಿಯಿಂದ ಓದುಗರಿಗೆ ಸಿಗುವುದು ಊರು, ತಾಲೂಕುಗಳ ಒಟ್ಟು ಲೆಕ್ಕ ಮಾತ್ರ. ವ್ಯಕ್ತಿಯ ಹೆಸರಿರುವ ಹಾಳೆಯನ್ನು ಯಾರೂ ತೆಗೆದು ನೋಡುವಂತಿಲ್ಲ ಎಂದು 1948ರ ಜನಗಣತಿ ಕಾಯಿದೆಯ 15ನೆಯ ಕಲಮು ಹೇಳುತ್ತದೆ. ಹಾಗಾಗಿ ಆ ತಾಣಗಳ ಅತಿ ದೊಡ್ಡ ಖಜಾನೆಯಲ್ಲಿ ರೋಣದ ಒಕ್ಕಲಿನ ಮನೆಗೆ ಪಾಲೇ ಇಲ್ಲ.

ಇನ್ನೊಂದು ತೊಡಕು ಅಡ್ಡಹೆಸರಿನದು. ಪಾಟೀಲ, ಕುಲಕರ್ಣಿ, ಅಂಗಡಿ, ಹಿರೇಮಠ ಎಂದು ಹುಡುಕಿದರೆ ನೂರಾರು ಊರಿನ ಜನ ಒಂದೇ ರಾಶಿಗೆ ಬಂದು ಬೀಳುತ್ತಾರೆ. ನಮ್ಮ ಕಡೆ ಅಡ್ಡಹೆಸರೂ ಸ್ಥಿರವಲ್ಲ. ಊರು ಬಿಟ್ಟು ಬಂದವರಿಗೆ ಆ ಊರಿನದೇ ಹೆಸರು ಅಂಟಿಕೊಂಡಿತು; ಅಣ್ಣ ಸಾಲಿಯಲ್ಲಿ ಒಂದು ಬರೆಸಿದ, ತಮ್ಮ ಇನ್ನೊಂದು. ಮೇಲಾಗಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿಯಿಂದ ಬಸಪ್ಪ ಈರಪ್ಪ, ಈರಪ್ಪ ಬಸಪ್ಪ ಎಂದು ನಾಲ್ಕು ತಲೆಮಾರು ಅವೇ ಎರಡು ಹೆಸರು ಸುತ್ತುತ್ತವೆ. ತಾಣ ತಾನಾಗಿ ತೋರಿಸುವ ‘ನಿಮ್ಮವರಿರಬಹುದು’ ಎಂಬ ಸೂಚನೆಗಳು ಎಡವುವುದು ಇಲ್ಲೇ. ಬೇರೆಯವರು ಕಟ್ಟಿದ ವಂಶವೃಕ್ಷದಿಂದ ಒಬ್ಬ ಈರಪ್ಪನನ್ನು ಎತ್ತಿ ನಿಮ್ಮ ಮನೆಗೆ ಸೇರಿಸಿದರೆ ಅಲ್ಲಿಂದ ಮೇಲಿನದೆಲ್ಲ ಪರರ ಮನೆತನ.

ಮಗನ ಉತ್ಸಾಹ ಕೆಡಿಸುವುದು ಬೇಡ. ಮೊದಲು ಫ್ಯಾಮಿಲಿಸರ್ಚ್‌ನಲ್ಲಿ ಖಾತೆ ತೆರೆಯಲಿ, ಅದೂ ಇಂಥದ್ದೇ ತಾಣ, ಆದರೆ ಪೂರ್ತಿ ಉಚಿತ. ಅಲ್ಲಿ ಹೆಸರಿಗಿಂತ ಊರಿನಿಂದ ಹುಡುಕಬೇಕು. ಬ್ರಿಟಿಷರ ಕಾಲದ ಕಾಗುಣಿತಗಳನ್ನೂ ಹಾಕಿ ನೋಡಲಿ: ಇಂಗ್ಲಿಷಿನಲ್ಲಿ ಧಾರವಾಡದ ಕೊನೆಗೆ ‘ಡಿ’ ಬದಲು ‘ಆರ್’, ಹುಬ್ಬಳ್ಳಿ ಎಂದರೆ ‘ಹುಬ್ಲಿ’. ಕೆಲವು ಚಿತ್ರಗಳು ಮನೆಯ ಕಂಪ್ಯೂಟರಿನಲ್ಲಿ ತೆರೆಯದೆ, ಆ ಸಂಸ್ಥೆಯ ಕೇಂದ್ರಗಳಲ್ಲಿ ಅಥವಾ ಒಪ್ಪಂದವಿರುವ ಗ್ರಂಥಾಲಯಗಳಲ್ಲಿ ಮಾತ್ರ ತೆರೆಯುತ್ತವೆ. ಅಮೆರಿಕದಲ್ಲಿ ಅಂಥ ಗ್ರಂಥಾಲಯ ಮಗನಿಗೆ ಹತ್ತಿರದಲ್ಲೇ ಸಿಗುವ ಸಂಭವ ಹೆಚ್ಚು. ಅಲ್ಲಿನ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಆನ್‌ಸೆಸ್ಟ್ರಿಯ ಗ್ರಂಥಾಲಯ ಆವೃತ್ತಿಯೂ ಇದೆ, ಓದುಗರಿಗೆ ಖರ್ಚಿಲ್ಲ. ಮನೆಗೆ ಚಂದಾ ಕಟ್ಟುವ ಮೊದಲು ಅವನು ಅಲ್ಲೊಮ್ಮೆ ಕೂತು ನೋಡಲಿ.

ಚಂದಾ ಕಟ್ಟಲು ಅರ್ಥವಿರುವುದು ಮೂರು ಸಂದರ್ಭಗಳಲ್ಲಿ: ಮನೆತನದ ಒಂದು ಕವಲು ವಿದೇಶಕ್ಕೆ ಹೋಗಿ ನೆಲೆಸಿದ್ದರೆ, ಕ್ರೈಸ್ತ ಅಥವಾ ಆಂಗ್ಲೋ-ಇಂಡಿಯನ್ ಕುಟುಂಬವಾಗಿದ್ದರೆ, ಇಲ್ಲವೇ ಪೂರ್ವಜರು ಯುರೋಪಿಯನ್ ಅಧಿಕಾರಿಯೋ ರೈಲ್ವೆ ನೌಕರನೋ ಆಗಿದ್ದರೆ. ಆಗಲೂ ವರ್ಷದ ಬದಲು ಒಂದು ತಿಂಗಳು ಸಾಕು. ಹುಡುಕಬೇಕಾದ ಹೆಸರು, ಊರು, ಅಂದಾಜು ವರ್ಷದ ಪಟ್ಟಿ ಮೊದಲೇ ಬರೆದಿಟ್ಟುಕೊಂಡು, ಹಣ ಕಟ್ಟಿದ ಮೇಲೆ ಆ ತಿಂಗಳೇ ಎಲ್ಲ ಚಿತ್ರ ಇಳಿಸಿಕೊಳ್ಳಬೇಕು. ಚಂದಾ ಮುಗಿದರೆ ನೀವು ಕಟ್ಟಿದ ಮರ (ವಂಶವೃಕ್ಷ) ಉಳಿಯುತ್ತದೆ, ದಾಖಲೆಯ ಚಿತ್ರ ಮಾತ್ರ ಮುಚ್ಚಿಕೊಳ್ಳುತ್ತದೆ. ಉಚಿತ ಪ್ರಯೋಗಾವಧಿಗೆ ಕಾರ್ಡ್ ಕೊಟ್ಟಿದ್ದರೆ, ಅವಧಿ ಮುಗಿದೊಡನೆ ಚಂದಾ ತಾನೇ ಮುಂದುವರಿಯುತ್ತದೆ ಎಂಬುದು ನೆನಪಿರಲಿ. ಭಾರತದ ಕಾರ್ಡಾದರೆ ಪ್ರತಿ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನ ಸಂದೇಶ ಬರಬೇಕು. ನಿಲ್ಲಿಸುವ ಕೊಂಡಿ ಅದರಲ್ಲೇ ಇರುತ್ತದೆ. ಹೊರದೇಶದ ಕಾರ್ಡಿಗೆ ಈ ನಿಯಮ ಅನ್ವಯಿಸದು, ಮಗನೇ ದಿನ ಗುರುತಿಟ್ಟುಕೊಳ್ಳಲಿ.

ಹಂಗಾದರ ಧಾರವಾಡದ ಯಾವ ಗ್ರಂಥಾಲಯಕ್ಕ ಹೋಗಬೇಕು? ಏನಂತ ಕೇಳಬೇಕು?
– ಬ್ಯಾಡಗಿ

ಇಲ್ಲೊಂದು ಮಾತು ಸ್ಪಷ್ಟವಾಗಲಿ. ಗ್ರಂಥಾಲಯ, ಪತ್ರಾಗಾರ, ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮು – ಮೂರೂ ಬೇರೆ ಬೇರೆ. ಗ್ರಂಥಾಲಯದಲ್ಲಿ ಸಿಗುವುದು ಊರಿನ ಇತಿಹಾಸ, ಪತ್ರಾಗಾರದಲ್ಲಿ ಸರ್ಕಾರ ನಡೆಸಿದ ಪತ್ರವ್ಯವಹಾರ. ನಿಮ್ಮ ಮುತ್ತಜ್ಜನ ಹೆಸರು ಇರುವುದು ರೆಕಾರ್ಡ್ ರೂಮಿನಲ್ಲಿ. ಅಲ್ಲಿಂದಲೇ ಶುರುಮಾಡಿ.

ಈಗಿನ ಉತಾರ (ಪಹಣಿ) ತೆಗೆಯಿರಿ. 9ನೆಯ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಜಮೀನು ಹೇಗೆ ಬಂತೆಂಬುದು, ಜೊತೆಗೊಂದು ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆ. ಆ ಸಂಖ್ಯೆಯ ನೋಂದಣಿಯ ನಕಲು ಕೇಳಿದರೆ ಅದರಲ್ಲಿ ಹಿಂದಿನ ಮಾಲೀಕನ ಹೆಸರು ಸಿಗುತ್ತದೆ. ಆತನ ಹೆಸರಿಗೆ ಜಮೀನು ಬಂದ ನೋಂದಣಿ ಕೇಳಿ. ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ. ಹಕ್ಕುಪತ್ರಕ, ಅಂದರೆ ಯಾವ ಹೊಲ ಯಾರದೆಂಬ ಪುಸ್ತಕ, ಬರೆದಿಡುವ ಪದ್ಧತಿ ನಮ್ಮ ಭಾಗ ಆಗ ಸೇರಿದ್ದ ಮುಂಬೈ ಇಲಾಖೆಗೆ ಬಂದದ್ದು 1903ರ ಕಾಯಿದೆಯಿಂದ. ಹಾಗಾಗಿ ಕಾಗದ ಉಳಿದಿರುವ ಊರಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಈ ಸರಪಳಿ ಹಿಡಿದು ಹೋಗಬಹುದು. ಅಲ್ಲಿ ನಮೂದಾದ ಮೊದಲ ಹೆಸರಿನವನು ಹುಟ್ಟಿದ್ದು ಹೆಚ್ಚಾಗಿ ಅದಕ್ಕೂ ಮೂವತ್ತು-ನಲವತ್ತು ವರ್ಷ ಹಿಂದೆ.

ಖಾತೆದಾರ ತೀರಿಕೊಂಡಾಗ ವಾರಸುದಾರರ ಹೆಸರು ಹಚ್ಚುವ ವಾರಸಾ ನೋಂದಣಿ ಹೀಗಿರುತ್ತದೆ: ಇಂಥ ಖಾತೆದಾರ ಇಂಥ ತಾರೀಖಿಗೆ ಮಯತನಾಗಿದ್ದಾನೆ, ಅವನಿಗೆ ಇಬ್ಬರು ಗಂಡುಮಕ್ಕಳು, ಹಿರಿಯವ ವಯಸ್ಸು 22, ಕಿರಿಯವ ವಯಸ್ಸು 9, ಅ.ಪಾ.ಕ. ತಾಯಿ ಇಂಥವಳು, ಕೆಳಗೆ ಪಂಚರ ಸಹಿ, ಹೆಬ್ಬೆಟ್ಟು. ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತ, ಅಂದರೆ ಅಪ್ರಾಪ್ತನ ಪಾಲಕ. ಈ ನಾಲ್ಕು ಸಾಲಿನಲ್ಲಿ ಸಾವಿನ ದಿನ, ಇಬ್ಬರ ಅಂದಾಜು ಹುಟ್ಟಿದ ವರ್ಷ, ಹೆಂಡತಿಯ ಹೆಸರು ಎಲ್ಲ ಬಂತು. ಇಷ್ಟು ಕೊಡುವ ಚಂದಾ ತಾಣ ನಮ್ಮ ಭಾಗಕ್ಕೆ ಇಲ್ಲ.

ಕೆಲಸ ಕೆಡುವ ಜಾಗಗಳೂ ಗೊತ್ತಿರಲಿ. ಸರ್ವೆ ನಂಬರು ಒಡೆದು 45/1, 45/2 ಎಂದು ಪೋಡಿ ಆಗಿದ್ದರೆ ಹಳೆಯ ಪುಸ್ತಕದಲ್ಲಿ ಬರೀ 45 ಎಂದು ಕೇಳಬೇಕು. ಹಿಡುವಳಿ ಒಗ್ಗೂಡಿಸಿದ ಊರುಗಳಲ್ಲಿ ಈಗ ನಡೆಯುವುದು ಬ್ಲಾಕ್ ನಂಬರು. ಅದಕ್ಕೆ ಸರಿಯಾದ ರಿವಿಜನ್ ಸರ್ವೆ ನಂಬರು ಯಾವುದೆಂದು ತಿಳಿಯದೆ ಹೋದರೆ ‘ಸಿಗೂದಿಲ್ಲ’ ಎಂಬ ಒಂದೇ ಮಾತು ಕೇಳಿ ತಿರುಗಿ ಬರುತ್ತೀರಿ. ತಾಲೂಕಿನ ಹೆಸರೂ ಬದಲಾಗಿದೆ. ಬ್ರಿಟಿಷ್ ಕಾಲದ ಕಾಗದದಲ್ಲಿ ಹಾವೇರಿಯ ಸುತ್ತಲಿನ ಊರುಗಳು ಕರಜಗಿ ತಾಲೂಕಿನಲ್ಲಿ, ಹಿರೇಕೆರೂರ ಕಡೆಯವು ಕೋಡ ತಾಲೂಕಿನಲ್ಲಿ, ಶಿಗ್ಗಾಂವಿಯವು ಬಂಕಾಪುರ ತಾಲೂಕಿನಲ್ಲಿ. ಗದಗ, ಹಾವೇರಿ ಜಿಲ್ಲೆಗಳಾದದ್ದೇ 1997ರಲ್ಲಿ. ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಡತಕ್ಕೆ ಧಾರವಾಡದಲ್ಲೂ ಕೇಳಬೇಕು.

ಅರ್ಜಿಯಲ್ಲಿ ಊರು, ಹೋಬಳಿ, ನಂಬರು, ಖಾತೆದಾರನ ಹೆಸರು, ಬೇಕಾದ ವರ್ಷಗಳು, ಬೇಕಾದ ಪುಸ್ತಕ – ಇಷ್ಟನ್ನೂ ಬರೆಯಿರಿ. ‘ನಮ್ಮ ಎಲ್ಲಾ ಹಳೇ ದಾಖಲೆ ಕೊಡ್ರಿ’ ಎಂಬ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುವುದೇ ಹೆಚ್ಚು. ಉತ್ತರವೇ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಇದೆ, 30 ದಿನದ ಗಡುವು. ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತ ಸ್ಕ್ಯಾನ್ ಆಗುತ್ತಿವೆ. ನಿಮ್ಮ ಊರಿನ ಕಟ್ಟು ಸ್ಕ್ಯಾನ್ ಆಗಿದೆಯೇ ಎಂದು ಮೊದಲು ವಿಚಾರಿಸಿ, ಆಗಿದ್ದರೆ ಅರ್ಧ ಕೆಲಸ ಉಳಿಯಿತು.

ಹೊಲವೇ ಇರಲಿಲ್ಲ ಎನ್ನುವ ಮನೆಗಳಿಗೆ ಎರಡು ಬಾಗಿಲು. ಒಂದು, ಹಳೆಯ ಕನ್ನಡ ಗಂಡುಮಕ್ಕಳ, ಹೆಣ್ಣುಮಕ್ಕಳ ಶಾಲೆಗಳ ದಾಖಲಾತಿ ರಜಿಸ್ಟರು: ತಂದೆಯ ಹೆಸರು, ಹುಟ್ಟಿದ ಊರು, ಜಾತಿ, ಹಿಂದಿನ ಸಾಲಿ. ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಿ, ಹುಟ್ಟಿದ ದಿನಾಂಕವನ್ನು ಮಾತ್ರ ಪೂರ್ತಿ ನಂಬಬೇಡಿ. ಜೂನ್ 1 ಎಂದಿದ್ದರೆ ಅದು ಮಾಸ್ತರರು ಹಾಕಿದ ತಾರೀಖು. ಇನ್ನೊಂದು, ಉಪನೋಂದಣಿ ಕಚೇರಿ. ಮನೆ, ಬಯಲು ಜಾಗದ ಖರೀದಿ, ವಾಟ್ನಿ (ಪಾಲು ವಿಭಜನೆ), ಬಕ್ಷೀಸು (ದಾನ) ಪತ್ರಗಳು ಒಂದನೆಯ ಪುಸ್ತಕದಲ್ಲಿ ನಕಲಾಗಿರುತ್ತವೆ. ನೋಂದಣಿ ಕಾಯಿದೆಯ 57ನೆಯ ಕಲಮಿನಂತೆ ಆ ಪುಸ್ತಕ, ಅದರ ಸೂಚಿಗಳನ್ನು ಶುಲ್ಕ ಕಟ್ಟಿ ಯಾರೂ ನೋಡಬಹುದು. ವಾಟ್ನಿ ಪತ್ರ ಸಿಕ್ಕರೆ ಅಣ್ಣತಮ್ಮಂದಿರೆಲ್ಲ ಒಂದೇ ಕಾಗದದಲ್ಲಿ ಸಿಕ್ಕಂತೆ.

ಇಷ್ಟಾದ ಮೇಲೆ ಧಾರವಾಡದ ಗ್ರಂಥಾಲಯ. ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ, 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ, 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ – ಇಷ್ಟೂ ಊರಲ್ಲೇ ಇವೆ. ಕೇಳಬೇಕಾದ್ದು ನಿಮ್ಮ ಮನೆತನದ ಹೆಸರನ್ನಲ್ಲ, ಊರಿನ ಹೆಸರನ್ನು: ಶಾಸನ ಸಂಪುಟ, ಬಾಂಬೆ ಸರ್ಕಾರದ ಸರ್ವೆ ವರದಿಗಳು, ತಾಲೂಕಿನ ಇತಿಹಾಸ, ಮಠಗಳ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ. ಕೊನೆಯ ಎರಡನ್ನು ಯಾರೂ ಗಣನೆಗೆ ತಗೊಳ್ಳುವುದಿಲ್ಲ, ಮನೆತನಗಳ ಹೆಸರು ಹೆಚ್ಚಾಗಿ ಇರುವುದು ಮಾತ್ರ ಅವುಗಳಲ್ಲೇ. 1884ರ ಧಾರವಾಡ ಜಿಲ್ಲೆಯ ಬಾಂಬೆ ಗ್ಯಾಝೆಟಿಯರಿಗಾಗಿ ಬಸ್ ಹತ್ತಬೇಡಿ, ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಇದೆ. ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ ಪಟಲ’ ತಾಣಕ್ಕೂ ದುಡ್ಡಿಲ್ಲ, ಹೆಸರು ನೋಂದಾಯಿಸಿದರೆ ಸಾಕು.

ಗೌಡಕಿ, ಕುಲಕರ್ಣಿಕಿ, ದೇಸಗತಿಯಂಥ ವಂಶಪಾರಂಪರ್ಯದ ಹುದ್ದೆ (ವತನ), ಇಲ್ಲವೇ ಇನಾಮು ಜಮೀನು ಇದ್ದ ಮನೆಗಳಾದರೆ ಲೆಕ್ಕ ಬೇರೆ. ಹತ್ತೊಂಬತ್ತನೆಯ ಶತಮಾನದ ನಡುವೆ ಇನಾಮ ಕಮಿಶನ್ ಇನಾಮದಾರರ ಹಕ್ಕುಗಳನ್ನು ತನಿಖೆ ಮಾಡಿತು. ಹಕ್ಕು ಸಾಧಿಸಲು ವಂಶಾವಳಿ ಹಾಜರುಪಡಿಸಲೇಬೇಕಿತ್ತು. 1874ರ ವತನ ಕಾಯಿದೆಯ ನಂತರ ವತನದಾರರ ರಜಿಸ್ಟರೂ ಇದೆ. ಇವುಗಳ ಹಾದಿ ಪುಣೆಯ ಪತ್ರಾಗಾರ, ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದವರೆಗೆ ಹೋಗುತ್ತದೆ. ಹಳೆಯವು ಮರಾಠಿಯಲ್ಲಿ, ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯಲ್ಲಿ. ಚಂದಾಕ್ಕೆ ಎತ್ತಿಟ್ಟ ದುಡ್ಡನ್ನು ಮೋಡಿ ಓದುವವರಿಗೆ ಕೊಡುವುದು ಲೇಸು. ಪುಟಕ್ಕೆ ಇಷ್ಟೆಂದು ಮೊದಲೇ ಮಾತಾಡಿ. ಅನುವಾದಕ್ಕಿಂತ ಮುಂಚೆ ಅಕ್ಷರಕ್ಕೆ ಅಕ್ಷರ ದೇವನಾಗರಿಯಲ್ಲಿ ಬರೆಸಿಕೊಳ್ಳಿ, ತಪ್ಪಾದರೆ ಇನ್ನೊಬ್ಬರು ತಿದ್ದಲು ಬರುತ್ತದೆ.

ಶಿರಹಟ್ಟಿ ಕಡೆಯವರು ನಾವು. ಧಾರವಾಡದ ಹಳೆಯ ವರದಿಗಳಲ್ಲಿ ನಮ್ಮ ಊರೇ ಇಲ್ಲ!
– ಮುಳಗುಂದ ನಾಕಾ, ಗದಗ

ಇರುವುದಿಲ್ಲ. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ ಹಿರಿಯ ಶಾಖೆಯದು. ಹಾಗೆಯೇ ಕುಂದಗೋಳ ಜಮಖಂಡಿಯದು, ಸವಣೂರು ನವಾಬರದು. ಇವು ಮುಂಬೈ ಪ್ರಾಂತದಲ್ಲಿ ವಿಲೀನವಾದದ್ದು 1948ರಲ್ಲಿ. ಅದಕ್ಕೂ ಹಿಂದಿನದನ್ನು ಸಂಸ್ಥಾನದ ಹೆಸರಿನಲ್ಲೇ ಹುಡುಕಬೇಕು; ಸವಣೂರು ಬಿಟ್ಟರೆ ಉಳಿದವು ಬ್ರಿಟಿಷ್ ಕಡತಗಳಲ್ಲಿ ‘ದಕ್ಷಿಣ ಮರಾಠಾ ಸಂಸ್ಥಾನಗಳು’ ಎಂಬ ತಲೆಬರಹದಡಿ ಬರುತ್ತವೆ. ಹೊಲದ ಕಾಗದ ಮಾತ್ರ ಮೊದಲು ಈಗಿನ ತಾಲೂಕು ಕಚೇರಿಯಲ್ಲೇ ಕೇಳಿ.

ಬೆಟಗೇರಿಯ ಕ್ರೈಸ್ತ ಕುಟುಂಬ ನಮ್ಮದು. ನಮಗಾದರೂ ಚಂದಾ ತಾಣ ಉಪಯೋಗವೇ?
– ಬೆಟಗೇರಿ

ಸ್ವಲ್ಪ ಉಪಯೋಗವಿದೆ, ಆದರೆ ಅದು ಕೊನೆಯ ಹೆಜ್ಜೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳಿಗೆ ಮೊದಲು ನಿಮ್ಮ ಸಭೆಯ ಪಾಸ್ಟರರನ್ನು ಕಾಣಿ, ನಂತರ ಧಾರವಾಡದಲ್ಲಿರುವ ಉತ್ತರ ಕರ್ನಾಟಕ ಡಯಾಸಿಸ್ ಕಚೇರಿಯನ್ನು. ಬಾಸೆಲ್‌ನ ಮಿಶನ್ ಪತ್ರಾಗಾರದ ಚಿತ್ರಗಳು, ನಕಾಶೆಗಳು, ಕಡತಗಳ ಪಟ್ಟಿ ಅಂತರ್ಜಾಲದಲ್ಲಿ ಉಚಿತ. ಊರಿನ ಹೆಸರಿನಿಂದ ಹುಡುಕಿದರೆ ಹಳೆಯ ಸಭೆಯ, ಶಾಲೆಯ ಛಾಯಾಚಿತ್ರಗಳು ಸಿಗುತ್ತವೆ. ಪತ್ರಗಳು ಜರ್ಮನ್ ಭಾಷೆಯ ಹಳೆಯ ಕೈಬರಹದಲ್ಲಿವೆ, ಈಗಿನ ಜರ್ಮನ್ ಕಲಿತವರಿಗೂ ಅವು ಸುಲಭವಾಗಿ ಓದಲು ಬರುವುದಿಲ್ಲ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವನ್ನೂ ಬಿಡಬೇಡಿ.

ಹಣದ ತಾಣಗಳಲ್ಲಿ ಫೈಂಡ್‌ಮೈಪಾಸ್ಟ್ ಬಳಿ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳ ಚಿತ್ರಗಳಿವೆ. ಆದರೆ ಅವು ಹೆಚ್ಚಾಗಿ ಯುರೋಪಿಯನ್, ಆಂಗ್ಲೋ-ಇಂಡಿಯನ್ ಕುಟುಂಬಗಳವು. ಬಾಸೆಲ್ ಸಭೆಗಳ ದೇಶೀ ಸದಸ್ಯರು ಅಲ್ಲಿ ಸಿಗುವುದು ಅಪರೂಪ. ಫ್ಯಾಮಿಲಿಸರ್ಚ್‌ನಲ್ಲಿ ಭಾರತದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಸೂಚಿ ಉಚಿತವಾಗಿದೆ. ಬ್ರಿಟಿಷ್ ಭಾರತದ ಕುಟುಂಬಗಳಿಗೆಂದೇ ಇರುವ ಫಿಬಿಸ್ ಸಂಘದ ತಾಣದಲ್ಲೂ ಹುಡುಕಾಟಕ್ಕೆ ಹಣವಿಲ್ಲ. ಈ ಎರಡರಲ್ಲಿ ನಿಮ್ಮವರ ಹೆಸರು ಕಂಡರೆ, ಮೂಲ ಪುಟದ ಚಿತ್ರಕ್ಕಾಗಿ ಒಂದು ತಿಂಗಳ ಚಂದಾ ಕಟ್ಟಿ. ಹೆಸರೇ ಕಾಣದಿದ್ದರೆ ಕಟ್ಟಬೇಡಿ.

ಮನೆಯ ಗಂಟಿನಲ್ಲಿ ಸಿಕ್ಕ ಕಾಗದದಲ್ಲಿ ‘ಫಸಲಿ 1289’ ಎಂದಿದೆ. ಇನ್ನೊಂದರಲ್ಲಿ ಅಂಕಿಯೇ ಇಲ್ಲ, ಮೋಡಿ ಓದುವವರು ‘ಸಮಾನ ಅಶರ ಮಯಾತೈನ ವ ಅಲಫ’ ಎಂದು ಬರೆದುಕೊಟ್ಟರು. ಇದೇನು?
– ರಾಣೆಬೆನ್ನೂರು

ಎರಡೂ ತಾರೀಖುಗಳೇ. ಕಂದಾಯದ ವರ್ಷವಾದ ಫಸಲಿಗೆ 590 ಕೂಡಿಸಿ: 1289 ಎಂದರೆ 1879-80. ಎರಡನೆಯದು ಮರಾಠಾ ದಫ್ತರಗಳ ಸುಹೂರ ಸನ್, ಅರಬಿ ಅಂಕಿಗಳನ್ನು ಅಕ್ಷರದಲ್ಲಿ ಬರೆದದ್ದು. ಸಮಾನ ಎಂಟು, ಅಶರ ಹತ್ತು, ಮಯಾತೈನ ಇನ್ನೂರು, ಅಲಫ ಸಾವಿರ, ಕೂಡಿದರೆ 1218. ಅದಕ್ಕೆ 599 ಸೇರಿಸಿದರೆ 1817-18, ಪೇಶ್ವೆಗಳ ಆಳ್ವಿಕೆ ಮುಗಿಯುತ್ತಿದ್ದ ಕಾಲ. ಈ ಎರಡೂ ವರ್ಷಗಳು ಮಿರಗದಿಂದ (ಜೂನ್ ಮೊದಲ ವಾರದ ಮೃಗಶಿರಾ ಮಳೆಯಿಂದ) ಶುರು. ಆದ್ದರಿಂದ ಜನವರಿಯಿಂದ ಮೇ ತನಕದ ಕಾಗದಕ್ಕೆ ಇನ್ನೊಂದು ವರ್ಷ ಕೂಡಿಸಬೇಕು.

ಶಾಲಿವಾಹನ ಶಕಕ್ಕೆ 78. ಬರೀ ಸಂವತ್ಸರದ ಹೆಸರಿದ್ದರೆ ಎಚ್ಚರ: ಪ್ರಭವ ಎಂದರೆ 1867-68 ಆಗಬಹುದು, 1927-28 ಆಗಬಹುದು, 1987-88 ಕೂಡ. ಅರವತ್ತು ವರ್ಷ ತಪ್ಪಿದರೆ ಅಜ್ಜನ ಕಾಗದ ಮೊಮ್ಮಗನ ಲೆಕ್ಕಕ್ಕೆ ಹೋಗುತ್ತದೆ, ಇಬ್ಬರ ಹೆಸರೂ ಅದೇ ಇರುತ್ತದೆ! ಛಾಪಾ (ಸ್ಟಾಂಪ್) ಕಾಗದದ ಮೇಲಿನ ಮುದ್ರೆಯಲ್ಲಿ ಯಾವ ರಾಣಿ, ಯಾವ ರಾಜನ ಮುಖವಿದೆ ನೋಡಿ ಗಟ್ಟಿಮಾಡಿಕೊಳ್ಳಿ.

ಹೆಳವರು ಹೇಳುವ ವಂಶಾವಳಿ ನಂಬಬಹುದೇ?
– ಹಾನಗಲ್ಲ

ಹೆಸರುಗಳ ಸಾಲಿಗೆ ನಂಬಬಹುದು, ಕಾಲಕ್ಕೆ ಅಲ್ಲ. ಸುಗ್ಗಿಯ ಹೊತ್ತಿಗೆ ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಹಾಡುವ ಹೆಳವರಲ್ಲಿ ಮೂಲಪುರುಷ, ಬಿಟ್ಟುಬಂದ ಊರು, ಕವಲೊಡೆದ ಅಣ್ಣತಮ್ಮಂದಿರ ವಿವರ ಸಿಗುತ್ತದೆ. ಇಂಥದ್ದು ಯಾವ ಸರ್ಕಾರಿ ಕಡತದಲ್ಲೂ ಇಲ್ಲ. ಇಸವಿ ಇರುವುದಿಲ್ಲ, ಹೆಣ್ಣುಮಕ್ಕಳ ಹೆಸರು ಬಹಳಷ್ಟು ಬಿಟ್ಟುಹೋಗಿರುತ್ತದೆ. ಹಾಡುವಾಗ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ಮುದ್ರಿಸಿ. ಮಧ್ಯದಲ್ಲಿ ತಡೆದು ಪ್ರಶ್ನೆ ಕೇಳಬೇಡಿ, ಲಯ ತಪ್ಪಿದರೆ ಹೆಸರೂ ತಪ್ಪುತ್ತದೆ. ಮುಗಿದ ಮೇಲೆ ಅವರ ಬಳಿ ಪುಸ್ತಕವಿದ್ದರೆ ಆ ಪುಟದ ಫೋಟೊ ಕೇಳಿ, ಕಾಣಿಕೆ ಧಾರಾಳವಾಗಿ ಕೊಡಿ. ಕೊನೆಯ ಮೂರು-ನಾಲ್ಕು ತಲೆಮಾರನ್ನು ವಾರಸಾ ನೋಂದಣಿಯೊಂದಿಗೆ ತಾಳೆ ನೋಡಿ; ಅಲ್ಲಿ ಕೂಡಿದರೆ ಮೇಲಿನದಕ್ಕೂ ಬೆಲೆ ಬರುತ್ತದೆ.

ಹೆಣ್ಣುಮಕ್ಕಳ ಹೆಸರಿನ ಕೊರತೆ ಉತಾರದಲ್ಲೂ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೂ ಹಿಂದಿನ ವಾರಸಾದಲ್ಲಿ ಮಗಳು ಕಾಣುವುದು ತೀರ ಕಡಿಮೆ. ಅವರನ್ನು ಗಂಡನ ಮನೆಯ ಕಡೆಯಿಂದ, ಬಕ್ಷೀಸು ಪತ್ರದಿಂದ, ವಿಧವೆಯ ಪೋಷಣೆಗೆ ಬಿಟ್ಟ ಹೊಲದ ನಮೂದಿನಿಂದ ಹುಡುಕಬೇಕು. ಲಗ್ನದಲ್ಲಿ ಹೆಸರು ಬದಲಿಸುವ ಮನೆಗಳಲ್ಲಿ ತವರಿನ ಹೆಸರನ್ನೂ ಕೇಳಿ ಬರೆದಿಡಿ.

ಸಿಕ್ಕಿದ್ದನ್ನೆಲ್ಲ ಎಲ್ಲಿ ಇಡೋದು? ಅದಕ್ಕಾದರೂ ಚಂದಾ ಬೇಕಲ್ಲ?
– ನವಲಗುಂದ

ಬೇಡ. ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲೇ ಕೂರುತ್ತದೆ, ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು. ಮೈಹೆರಿಟೇಜಿನ ಉಚಿತ ಖಾತೆಯಲ್ಲಿ ಮರ 250 ಜನಕ್ಕೆ ನಿಲ್ಲುತ್ತದೆ. ನಮ್ಮ ಕಡೆಯ ಕೂಡುಕುಟುಂಬಕ್ಕೆ ಅದು ಬೇಗ ತುಂಬೀತು. ಫ್ಯಾಮಿಲಿಸರ್ಚ್‌ನಲ್ಲಿ ಮಿತಿಯಿಲ್ಲ, ಆದರೆ ಅಲ್ಲಿರುವುದು ಜಗತ್ತಿಗೆಲ್ಲ ಒಂದೇ ಮರ: ತೀರಿಕೊಂಡವರ ವಿವರವನ್ನು ಯಾರೂ ತಿದ್ದಬಹುದು. ಎಲ್ಲಿಟ್ಟರೂ ಆರು ತಿಂಗಳಿಗೊಮ್ಮೆ ‘ಜೆಡ್‌ಕಾಮ್’ ಕಡತವಾಗಿ ಇಳಿಸಿ ಎರಡು ಪ್ರತಿ ಇಡಿ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮರ ಸಾಗಿಸುವುದು ಅದರಿಂದಲೇ. ಚಿತ್ರಗಳು ಅದರೊಳಗೆ ಬರುವುದಿಲ್ಲ, ಬೇರೆ ಫೋಲ್ಡರಿನಲ್ಲಿ ಊರು, ನಂಬರು, ವರ್ಷ, ಕಚೇರಿ ಎಂಬ ಕ್ರಮದಲ್ಲಿ ಹೆಸರಿಟ್ಟು ಇಡಿ. ಬದುಕಿರುವವರ ಜನ್ಮದಿನಾಂಕ, ಹೊಲದ ನಂಬರುಗಳನ್ನು ಬಹಿರಂಗ ಮರಕ್ಕೆ ಹಾಕಬೇಡಿ. ವಾಟ್ನಿ ಇನ್ನೂ ಕೋರ್ಟಿನಲ್ಲಿರುವ ಮನೆಯವರಾದರೆ ಮರವನ್ನು ಕಂಪ್ಯೂಟರಿನಿಂದ ಹೊರಗೇ ಬಿಡಬೇಡಿ.